ಅಕ್ಕನ ಕೋಣೆಯ ರೈಲು ದಾರಿ

ಮೆಟ್ಟೂರಿನ ಥರ್ಮಲ್ ಸ್ಟೇಷನ್ನಿಗೆ ಬರುತ್ತಿದ್ದ ಕಲ್ಲಿದ್ದಲು ವ್ಯಾಗನ್‌ಗಳನ್ನು ಖಾಲಿ ಮಾಡಿಸುವುದೇ ಮುನುಸ್ವಾಮಿಯ ಕೆಲಸವಾಗಿತ್ತು. ಸರ್ವಿಸ್ ಪೂರ್ತಿ ರೈಲಿನ ಜೊತೆ ಕಳೆದರೂ ಒಂದು ದಿನವೂ ಎಂಜಿನ್ ಹತ್ತಿದವನಲ್ಲ. ರಿಟೈರ್ ಆದ ಮೇಲೆ, ಕ್ವಾರ್ಟರ್ಸ್ ಬಿಟ್ಟು ಹೊರಟಿದ್ದ ಎಂಜಿನಿಯರೊಬ್ಬರು ತಮ್ಮ ಹಳೆಯ ಮಾದರಿ ರೈಲಿನ ಪೆಟ್ಟಿಗೆಯನ್ನು ಅವನ ಕೈಗಿಟ್ಟರು. ಗೇಣುದ್ದದ ಎಂಜಿನ್, ಬೆರಳುದ್ದದ ವ್ಯಾಗನ್‌ಗಳು, ತುಂಡು ತುಂಡು ಹಳಿ. ಅವತ್ತಿನಿಂದ ಮೇಚೇರಿಯ ಮನೆಯಲ್ಲಿ ಅವನಿಗೆ ಬೇರೆ ಯೋಚನೆಯೇ ಇಲ್ಲದಂತಾಯಿತು.

ಚಾರ್ಟ್ ಪೇಪರ್ ತಂದು ದಾರಿ ಬರೆಯತೊಡಗಿದ. ಒಂದು ಕಡೆ ಮೆಟ್ಟೂರು, ನಡುವೆ ಮೇಚೇರಿ ರೋಡ್, ಇನ್ನೊಂದು ಕಡೆ ಓಮಲೂರು, ಎಲ್ಲವನ್ನೂ ಸುತ್ತಿ ಬರುವ ಒಂದು ದೊಡ್ಡ ವೃತ್ತ. ತಿರುವು ಬಿಗಿಯಾದರೆ ವ್ಯಾಗನ್ ಹಳಿ ಬಿಟ್ಟು ಇಳಿಯುತ್ತದೆ. ಸಡಿಲ ಮಾಡಿದರೆ ಹಳಿ ಜೋಡಿಸುವ ಹಲಗೆ ಅಗಲವಾಗಬೇಕು. ಬಿದ್ದ ವ್ಯಾಗನ್ ಎತ್ತಲು ನಾಲ್ಕೂ ಕಡೆ ನಿಲ್ಲುವ ಜಾಗವೂ ಬೇಕು. ಅಷ್ಟು ಜಾಗ ಇದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಅಲ್ಲಿ ಅಕ್ಕ ಮುನಿಶಾಮಮ್ಮನ ಮಂಚವಿತ್ತು.

ತಾಯಿ ಸತ್ತಾಗ ಮುನುಸ್ವಾಮಿ ಇನ್ನೂ ಮಗು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕುರಿ ಕಾಯ್ದವಳು ಈ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನೇ ಕರೆತಂದು ಇಟ್ಟುಕೊಂಡಿದ್ದ.

"ಅಕ್ಕಾ, ಈ ಸುವರು ನೀರ್ ಕುಡಿದೈತೆ. ಕೊತ್ತನಾರ್ ಬಂದು ಪೂಸ್ಬೇಕು. ಒಸಿ ದಿನ ನಿನ್ ಮಗಳ ಮನೇಲಿ ಇರ್ತೀಯಾ?" ಎಂದ.

ಗಾರೆಯವನನ್ನು ಕರೆಸಿ ಬಳಿಸುವಂಥದ್ದೇನೂ ಇರಲಿಲ್ಲ; ಗೋಡೆ ಬೆಚ್ಚಗೆ, ಒಣಗಿಯೇ ಇತ್ತು. ಅಕ್ಕ ಅದನ್ನು ಮುಟ್ಟಿ ಕೂಡ ನೋಡಲಿಲ್ಲ. "ಆಗ್ಲಿ ಬಿಡ್ಲಾ, ನೀನ್ ಯೋಳಿದ್ಮೇಲೆ" ಎಂದು ಕಂಬಳಿ ಸುತ್ತಿಕೊಂಡು ಕಡಯಂಪಟ್ಟಿಯ ಬಸ್ ಹತ್ತಿದಳು. ಅವನ ಹೆಂಡತಿ ಧನಲಕ್ಷ್ಮಿ ಎಲ್ಲವನ್ನೂ ನೋಡುತ್ತಿದ್ದಳು. ಆದರೆ ಅವತ್ತು ಸಾರಿಗೆ ಉಪ್ಪು ಸಾಕೇ ಎಂದು ಕೇಳಿದ್ದು ಬಿಟ್ಟರೆ ಗಂಡನೊಂದಿಗೆ ಮಾತಾಡಲಿಲ್ಲ.

ಮಂಚ ಹಿತ್ತಿಲಿಗೆ ಹೋಯಿತು. ಮುನುಸ್ವಾಮಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ದಾರಿಯನ್ನು ಎಳೆದ. ಮೊದಲೆರಡು ದಿನ ಖುಷಿಯೋ ಖುಷಿ. ಆಮೇಲೆ ಅಕ್ಕನ ಫೋನ್ ಬಂತು.

"ಕೊತ್ತನಾರ್ ಬಂದ್ನಾ?"

"ಬಂದವ್ನೆ ಅಕ್ಕಾ. ವೇಲೆ ನಡೀತೈತೆ."

ಗೋಡೆಯ ಸುಳ್ಳಿಗೆ ಕೆಲಸದ ಸುಳ್ಳೂ ಸೇರಿಕೊಂಡಿತು. ಫೋನ್ ಇಟ್ಟು ಬಂದು ನೋಡಿದರೆ ಸುಣ್ಣದ ಗೆರೆಗಳು ಅವನಿಗೇ ಅಸಹ್ಯವಾಗಿ ಕಂಡವು. ಮೇಚೇರಿ ರೋಡ್ ಸ್ಟೇಷನ್ ಬರೆದಿದ್ದ ಜಾಗದಲ್ಲೇ ಅಕ್ಕನ ತಲೆದಿಂಬು ಇರುತ್ತಿತ್ತು. ಒರೆಸಿ ಆಚೆಗೆ ಬರೆದ. ಅಲ್ಲಿಯೂ ಮನಸ್ಸು ಒಪ್ಪಲಿಲ್ಲ.

ಸಂತೆಯ ದಿನ ಕಡಯಂಪಟ್ಟಿಯಿಂದ ಬಂದ ಪರಿಚಯದವರೊಬ್ಬರು ಒಂದು ಚೀಲ ಕೊಟ್ಟು ಹೋದರು. ಒಳಗೆ ಹುರಿದ ಕಡಲೆಕಾಯಿ. "ನಿಮ್ಮಕ್ಕ ಕೊಟ್ರು. ವೇಲೆ ಮಾಡೋರ್ಗೆ ಟೀ ಜೊತೆ ಕೊಡ್ಬೇಕಂತೆ." ಇಲ್ಲದ ಕೆಲಸಗಾರರಿಗಾಗಿ ಅಕ್ಕ ಕೂತು ಹುರಿದಿದ್ದಳು. ಮುನುಸ್ವಾಮಿಗೆ ಚೀಲವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ತಿನ್ನು, ಯಾಕ್ ನಿಂತೆ? ವೇಲೆ ಮಾಡ್ತಿರೋನು ನೀನೊಬ್ನೇ ತಾನೇ" ಎಂದಳು ಧನಲಕ್ಷ್ಮಿ.

ಮರುದಿನ ಬೆಳಿಗ್ಗೆ ಕಡಯಂಪಟ್ಟಿಗೆ ಹೋದ. ಅಕ್ಕನ ಮಗಳು ಮುನಿಲಕ್ಷ್ಮಿಯದು ಎರಡೇ ಕೋಣೆಯ ಮನೆ. ಅಕ್ಕ ಹೊರಜಗಲಿಯಲ್ಲಿ ಗೋಣಿಚೀಲ ಕಟ್ಟಿ ಬಿಸಿಲು ಮರೆ ಮಾಡಿಕೊಂಡು ಕೂತಿದ್ದಳು. ತಮ್ಮನನ್ನು ಕಂಡು ಎದ್ದಳು. "ಪೂಸಾಯ್ತಾ?"

"ಸುವರ್ಗೆ ಏನೂ ಆಗಿರ್ಲಿಲ್ಲ ಅಕ್ಕಾ. ರೈಲ್ ಜೋಡಿಸೋಕೆ ಜಾಗ ಬೇಕಾಗಿತ್ತು. ಸುಳ್ ಯೋಳ್ದೆ."

ಅವಳು ಜಾರಿದ್ದ ಗೋಣಿಚೀಲದ ಅಂಚನ್ನು ಮತ್ತೆ ಬಿಗಿದು ಕಟ್ಟಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಕೇಳಿದ್ರೆ ಅಡಿಗೆಮನೆ ಪಕ್ಕದಾಗೆ ಮಲಕ್ಕಂತಿದ್ನಲ್ಲೋ" ಎಂದಳು ಕೊನೆಗೆ. "ಊರ್ ಬುಟ್ಟು ಕಳಿಸ್ಬೇಕಾ?"

ಮುನುಸ್ವಾಮಿ ತಲೆ ಎತ್ತಲಿಲ್ಲ. "ಬಾ ಅಕ್ಕಾ, ಓಗಾನ" ಎಂದ. ಅವಳು ಆ ದಿನ ಬರಲಿಲ್ಲ. ಮಗಳ ಹೊಲದ ಕಡಲೆಕಾಯಿ ಬಿಡಿಸಿ ಮುಗಿಸಿ ಬರುತ್ತೇನೆಂದಳು.

ಮನೆಗೆ ಬಂದವನು ನೆಲ ತೊಳೆದು, ಮಂಚವನ್ನು ಮೊದಲಿದ್ದಲ್ಲೇ ಹಾಕಿದ. ಹೊಸ ಚಾರ್ಟ್ ಪೇಪರ್ ಬಿಡಿಸಿದ. ಈ ಸಲ ವೃತ್ತವಿಲ್ಲ. ಎರಡು ಗೋಡೆಗೆ ಎದೆಯೆತ್ತರದಲ್ಲಿ ಮೊಳ ಅಗಲದ ಹಲಗೆ. ಮೆಟ್ಟೂರಿನಿಂದ ಹೊರಟ ರೈಲು ಮೂಲೆಯಲ್ಲಿ ನಿಧಾನವಾಗಿ ತಿರುಗಿ ಓಮಲೂರಿನಲ್ಲಿ ನಿಲ್ಲುತ್ತದೆ. ಎಂಜಿನ್ ಬಿಚ್ಚಿಕೊಂಡು ಪಕ್ಕದ ಹಳಿಯಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ತುದಿಗೆ ಸೇರಿಕೊಂಡು ಮತ್ತೆ ಮೆಟ್ಟೂರಿಗೆ ಎಳೆಯುತ್ತದೆ. ಮಂಚದ ಕಡೆಯ ಗೋಡೆಗೆ ಹಳಿ ಬರಲಿಲ್ಲ. ಧನಲಕ್ಷ್ಮಿ ಬಂದು ಹಲಗೆಯ ಇನ್ನೊಂದು ತುದಿ ಹಿಡಿದಳು.

ಕೊಯ್ಲು ಮುಗಿಸಿ ಮುನಿಶಾಮಮ್ಮ ಬಂದಳು. ರೈಲು ಓಡಿದ್ದನ್ನು ನೋಡಿ ಮಗುವಿನಂತೆ ನಕ್ಕಳು, ಇನ್ನೊಂದು ಸಲ ಓಡಿಸು ಎಂದಳು. ಮುನುಸ್ವಾಮಿಗೆ ಮನಸ್ಸು ತುಸು ತಿಳಿಯಾದಂತಾಯಿತು. ಅಷ್ಟರಲ್ಲಿ ಅವಳು ಬಾಗಿಲ ಬಳಿ ಬಿಟ್ಟಿದ್ದ ತನ್ನ ಬಟ್ಟೆಗಂಟನ್ನು ಎತ್ತಿಕೊಂಡು ಮಂಚದವರೆಗೆ ಹೋದವಳು, ತಿರುಗಿ ನೋಡಿದಳು.

"ಇಲ್ಲಿ ಮಡಗ್ಲೇನಪ್ಪಾ?"

ಇಷ್ಟು ವರ್ಷದಲ್ಲಿ ಅಕ್ಕ ಆ ಮನೆಯಲ್ಲಿ ಏನಕ್ಕೂ ಅವನ ಅಪ್ಪಣೆ ಕೇಳಿದವಳಲ್ಲ. ಮುನುಸ್ವಾಮಿ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡ. ತಲೆದಿಂಬಿನ ಪಕ್ಕದಲ್ಲಿ ತಾನೇ ಇಟ್ಟ.