ಮಸ್ಕತ್ತಿಗೆ ಎರಡೇ ಬಟ್ಟಲು

ನಮ್ಮ ಊರಿನವರು ಗಲ್ಫಿಗೆ ಹೋಗುವುದು ಸಂಪಾದನೆಗೆ. ನಾನೂ ನನ್ನ ಹೆಂಡತಿ ವನಜಳೂ ಹೊರಟದ್ದು ಖರ್ಚಿನಿಂದ ತಪ್ಪಿಸಿಕೊಳ್ಳುವುದಕ್ಕೆ. ನಗಬೇಡಿ. ನಮ್ಮ ಬಾಡಿಗೆ ಮನೆ ಎಲ್ಲುಂಟು ಎಂದು ಮೊದಲು ಕೇಳಿ.

ಮಣಿಪಾಲದಲ್ಲಿ! ಆಸ್ಪತ್ರೆಯಿಂದ ಹೊರಟರೆ ಒಂದು ಬೀಡಿ ಮುಗಿಯುವುದರೊಳಗೆ ಸಿಗುತ್ತದೆ. ಕಾರ್ಕಳದಲ್ಲಿ ಯಾರಿಗಾದರೂ ಸೊಂಟ ಹಿಡಿಯಲಿ, ಕಾಪುವಿನಲ್ಲಿ ಯಾರಿಗಾದರೂ ಹೆರಿಗೆ ನೋವು ಬರಲಿ, ರೋಗಿ ವಾರ್ಡಿಗೆ, ಜೊತೆಗೆ ಬಂದವರು ನಮ್ಮ ಚಾವಡಿಗೆ, ವಾರ್ಡಿಗೆ ಗಂಜಿ ನಮ್ಮ ಅಡುಗೆಮನೆಯಿಂದ. ಸಂಬಳ ಬಂದ ವಾರಕ್ಕೇ ಅಕ್ಕಿ ಡಬ್ಬಿಯ ತಳ ಕಾಣುತ್ತದೆ. (ನಮ್ಮ ಮದುವೆಯ ಉಡುಗೊರೆಗಳಲ್ಲಿ ಹೆಚ್ಚಿನವು ಟಿಫಿನ್ ಕ್ಯಾರಿಯರ್. ಆಗಲೇ ನಮಗೆ ಅರ್ಥವಾಗಬೇಕಿತ್ತು.)

ಪಾಪ, ವನಜಳ ಆಸೆ ದೊಡ್ಡದೇನಲ್ಲ. ಗಂಡನ ಎದುರು ಕೂತು ಬಿಸಿ ಅನ್ನ ಉಣ್ಣಬೇಕು, ಅಷ್ಟೇ. ಮದುವೆಯಾದಾಗಿನಿಂದ ಅವಳು ಉಂಡದ್ದೆಲ್ಲ ಅಡುಗೆಮನೆಯ ಮೂಲೆಯಲ್ಲಿ, ಎಲ್ಲರದ್ದೂ ಆದ ಮೇಲೆ, ತಣ್ಣಗಾದದ್ದು.

ಹೀಗಿರುವಾಗ ಹಮೀದ್ ರಜೆಯಲ್ಲಿ ಬಂದ. ಕಾಪುವಿನವನು, ಶಾಲೆಯಲ್ಲಿ ನನ್ನದೇ ಬೆಂಚಿನವನು, ಈಗ ಮಸ್ಕತ್ತಿನಲ್ಲಿ ಅಂಗಡಿ ನೋಡಿಕೊಳ್ಳುತ್ತಾನೆ. "ನಮ್ಮ ಸೇಟಿಗೆ ಲೆಕ್ಕ ಬರೆಯುವ ಜನ ಬೇಕು ಮಾರಾಯ. ಕೋಣೆ ಅವರದ್ದೇ. ಇಬ್ಬರೂ ಬನ್ನಿ" ಎಂದ.

ವನಜ ಒಳಗಿನಿಂದಲೇ ಕೇಳಿದಳು, "ಅಲ್ಲಿಗೆ ನೆಂಟರು ಬರ್ತಾರಾ ಹಮೀದಣ್ಣ?"

"ಎಂತ ಅಕ್ಕ ನೀವು! ಸಾರು ಉಣ್ಣಲಿಕ್ಕೆ ಯಾರಾದರೂ ವಿಮಾನ ಹತ್ತುತ್ತಾರಾ?"

ಅಷ್ಟು ಸಾಕಾಯಿತು. ಒಂದು ಕುಕ್ಕರ್, ಎರಡು ಬಟ್ಟಲು, ಎರಡು ಲೋಟ. ಮಸ್ಕತ್ತಿಗೆ ಅದಕ್ಕಿಂತ ಹೆಚ್ಚು ಸಾಮಾನು ಬೇಡವೇ ಬೇಡ ಎಂದಳು. ನಾನು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಅದರಲ್ಲಿ ನಾನು ನಗುತ್ತಿದ್ದೆನಂತೆ. ಸ್ಟುಡಿಯೋದವನು ಬೈದು ಇನ್ನೊಂದು ತೆಗೆದ.

ಆದರೆ ಒಂದು ತಪ್ಪು ಮಾಡಿದೆವು. ವೀಸಾ ಬರುವ ಮೊದಲೇ ಹಿರಿಯರಿಗೆ ಹೇಳಿ ಬರೋಣವೆಂದು ಮನೆಮನೆಗೆ ಹೊರಟೆವು. ಕಾರ್ಕಳದ ದೊಡ್ಡಪ್ಪ, ಕೆಮ್ಮಣ್ಣಿನ ಚಿಕ್ಕಮ್ಮ, ಎಲ್ಲರ ಕಾಲಿಗೂ ಬಿದ್ದೆವು. ಹೇಳದೆ ಹೋಗುವುದುಂಟೇ? ನಾಳೆ ಅವರ ಮುಖ ನೋಡುವುದು ಹೇಗೆ?

ಅಂದಿನಿಂದ ನಮ್ಮ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೊರಡುವ ಗಡಿಬಿಡಿಯಲ್ಲಿದ್ದಾರೆ, ತೊಂದರೆ ಕೊಡುವುದು ಬೇಡ ಎಂದು ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ತೀರ್ಮಾನಿಸಿದ್ದರು. ಟಿಕೆಟ್ಟಿಲ್ಲದೆ ಮಸ್ಕತ್ತೇ ನಮ್ಮ ಮನೆಗೆ ಬಂದಿತ್ತು!

ಮೊದಲ ದಿನ ಎದುರುಬದುರು ಕೂತು ಬಿಸಿ ಅನ್ನ ಉಂಡೆವು. ಸ್ವರ್ಗ. ಮರುದಿನವೂ ಸ್ವರ್ಗವೇ. ಆಮೇಲೆ ವನಜಳ ಕೈಯಳತೆ ತಪ್ಪಿತು, ಅನ್ನ ಉಳಿಯತೊಡಗಿತು. ಗೇಟಿನ ಸದ್ದಾದರೆ ಸಾಕು, ಎದ್ದು ಹೋಗಿ ನೋಡುತ್ತಾಳೆ. "ಅಲ್ಲ, ಊರಲ್ಲಿ ಯಾರಿಗೂ ಒಂದು ಜ್ವರ ಸಹ ಬರುವುದಿಲ್ವಾ ಎಂತ?"

ಬಂದಿತ್ತು. ದೊಡ್ಡಪ್ಪನೇ ಅಡ್ಮಿಟ್ ಆಗಿದ್ದರು. ಕ್ಯಾರಿಯರ್ ಮಾತ್ರ ಉಡುಪಿಯಿಂದ, ನನ್ನ ಅಕ್ಕನ ಮನೆಯಿಂದ ಬರುತ್ತಿತ್ತು. ಸುದ್ದಿ ತಿಳಿದು ನಾವು ವಾರ್ಡಿಗೆ ಓಡಿದರೆ, ದೊಡ್ಡಮ್ಮನ ಮೊದಲ ಮಾತೇ ಅಕ್ಕನ ಕೈರುಚಿಯ ಹೊಗಳಿಕೆ. "ಎಂಥ ಗಂಜಿ ಮಾರಾಯ್ತಿ! ಚಟ್ನಿಯಂತೂ ಕೇಳಬೇಡ."

ವನಜಳ ಮುಖ ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಇವಳ ಚಟ್ನಿಯ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಆಡಿದ್ದುಂಟೇ? ಮುಚ್ಚಳ ತೆಗೆದು ಇಣುಕಿದಳು.

"ಇದು ಗಂಜಿಯಾ? ಇದರಲ್ಲಿ ಅನ್ನ ಹುಡುಕಬೇಕು! ನಾಳೆಯಿಂದ ನಾನು ತರ್ತೇನೆ ದೊಡ್ಡಮ್ಮ. ನೀವೂ ನಮ್ಮಲ್ಲಿಗೇ ಬನ್ನಿ."

"ಅಲ್ಲ, ನೀವು ಮಸ್ಕತ್ತಿಗೆ..."

"ಯಾರು ಹೇಳಿದ್ದು? ಅದೆಲ್ಲ ಇನ್ನೂ ಗಟ್ಟಿ ಆಗಲಿಲ್ಲ."

(ನಾವೇ ಹೇಳಿದ್ದು. ಕಾಲಿಗೆ ಬಿದ್ದು ಹೇಳಿದ್ದು.)

ಈಗ ದೊಡ್ಡಮ್ಮ ಚಾವಡಿಯಲ್ಲಿ ಮಲಗಿದ್ದಾರೆ. ಚಿಕ್ಕಮ್ಮನ ಮಗಳು ಕಣ್ಣು ತೋರಿಸಲು ಬಂದಿದ್ದಾಳೆ. ನನ್ನ ಕುರ್ಚಿಯಲ್ಲಿ ಅವಳ ಗಂಡ ಕೂತಿರುವುದರಿಂದ ಈ ಅಂಕಣವನ್ನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ವನಜ ಏನೋ ಗುನುಗುತ್ತಾ ಚಟ್ನಿಗೆ ಕಾಯಿ ತುರಿಯುತ್ತಿದ್ದಾಳೆ. ನನಗಿನ್ನೂ ಊಟ ಆಗಿಲ್ಲ.

ಹಮೀದ್, ಆ ಕೋಣೆಗೆ ನಾನೊಬ್ಬನೇ ಬಂದರೆ ಆಗುತ್ತದಾ ಮಾರಾಯ?