ಟೀಚರಮ್ಮ ಒಂದೇ ಸಲ ಕೇಳಿದ್ದು

ನೀವು ರಜೆಗೆ ಬಂದಾಗಲೆಲ್ಲ ನನ್ನನ್ನು ಅಡಿಗೆಮನೆಯಿಂದ ಆಚೆ ಕಳಿಸಲು ನೋಡುತ್ತೀರಿ. ಒಬ್ಬರು "ಅಜ್ಜಿ, ಯು ಶುಡ್ ನಾಟ್" ಎನ್ನುತ್ತೀರಿ, ಇನ್ನೊಬ್ಬರು "ಯು ನೀಡ್ ನಾಟ್" ಎನ್ನುತ್ತೀರಿ. ನಾನು ಮಾತಾಡದೆ ನಿಮ್ಮ ಮುಖ ನೋಡುತ್ತೇನೆ. ಅಜ್ಜಿಗೆ ಅರ್ಥವಾಗಲಿಲ್ಲ ಎಂದುಕೊಂಡು ನಗುತ್ತೀರಿ. ಅರ್ಥವೇನೋ ಆಗುತ್ತದೆ. ಅದರ ಹಿಂದೆ ಇನ್ನೇನಿದೆಯೋ ಎಂದು ನೋಡುತ್ತಿರುತ್ತೇನೆ, ಅಷ್ಟೆ. ಇಂಗ್ಲಿಷಿನಲ್ಲಿ ಬೇಡ ಎನ್ನುವವರ ಮೇಲೆ ನನಗೆ ಹಳೆಯ ಅನುಮಾನವಿದೆ. ಬಾಯಿಬಿಟ್ಟು ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮವ್ವ ಆಗ ಏಳನೆಯ ತರಗತಿಯಲ್ಲಿದ್ದಳು. ನಿಮ್ಮಜ್ಜ ಇರಲಿಲ್ಲ. ಕೂಡ್ಲಿಗಿಯ ಮನೆಯಲ್ಲಿ ನಾನು, ನನ್ನ ಅತ್ತೆ ಮತ್ತು ಅವಳು. ನಾನು ಜೋಳದ ರೊಟ್ಟಿ ಬಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಕೊಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮೈಸೂರು ಕಡೆಯಿಂದ ಬಂದ ಟೀಚರಮ್ಮ ಒಬ್ಬರು ಬಾಡಿಗೆಗಿದ್ದರು. ಸಂಜೆ ನಮ್ಮ ಪಡಸಾಲೆಯಲ್ಲೇ ಓಣಿಯ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು.

ನಿಮ್ಮವ್ವನಿಗೆ ಶಾಲೆಯಲ್ಲಿ ಎಲ್ಲವೂ ಬರುತ್ತಿತ್ತು, ಇಂಗ್ಲಿಷ್ ಒಂದು ಬಿಟ್ಟು. ಆಗೆಲ್ಲ ಏಳನೆಯದಕ್ಕೇ ಪಬ್ಲಿಕ್ ಪರೀಕ್ಷೆ. ನನ್ನ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು: "ಪಾಸಾದ್ಲೋ ಹೈಸ್ಕೂಲಿಗೆ ಹೋಗ್ಲಿ. ಫೇಲಾದ್ಲೋ ಅಕಿಗೂ ಒಂದು ಕೊಣಮಗಿ ಕೊಟ್ಟು ಒಲಿ ಮುಂದ ಕುಂದ್ರಿಸು." ಕೊಣಮಗಿ ಎಂದರೆ ನಾನು ಹಿಟ್ಟು ನಾದುವ ಮರದ ಪರಾತ. ನನ್ನ ಕೈ ಸುಟ್ಟು ಸುಟ್ಟು ಹೇಗಾಗಿತ್ತೋ, ಅವಳ ಕೈ ಹಾಗಾಗುವುದು ನನಗೆ ಬೇಡವಾಗಿತ್ತು.

ಒಂದು ದಿನ ಬೆಳಿಗ್ಗೆ ಟೀಚರಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ, "ನಿಮ್ಮ ಮಗಳೂ ಪಾಠಕ್ಕೆ ಬಂದು ಕೂತ್ಕೊಳ್ಳಲಿ ಬಿಡಿ, ಹೇಗೂ ನಿಮ್ಮನೇಲೇ ನಡೆಯುತ್ತಲ್ಲ" ಎಂದರು.

ನನಗೆ ಬೇಕಾಗಿದ್ದೂ ಅದೇ. ಆದರೂ ಬಾಯಿಂದ ಬಂದದ್ದು, "ಬ್ಯಾಡ್ರಿ, ಇರ್ಲಿ. ನಿಮಗ್ಯಾಕ ತ್ರಾಸು."

"ಸರಿ ಹಾಗಾದ್ರೆ" ಎಂದು ಅವರು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ನಾನು ನಿಂತೇ ಇದ್ದೆ. ನಮ್ಮ ಕಡೆ ಮೊದಲ ಮಾತಿಗೆ ಬೇಕು ಎನ್ನುವವರು ಯಾರಿದ್ದಾರೆ? ಚಹಾ ಕುಡೀರಿ ಎಂದರೂ "ಬ್ಯಾಡ್ರಿ, ಈಗ ಕುಡದ ಬಂದೆ" ಎನ್ನುತ್ತೇವೆ. ಕೇಳಿದವರು "ಅರ್ಧ ಕಪ್ಪು ಕುಡೀರಿ" ಎನ್ನುತ್ತಾರೆ. ಆಗಲೂ ತಲೆ ಅಲ್ಲಾಡಿಸುತ್ತೇವೆ. ಆಮೇಲೆ ಅವರು ಕೈಯಲ್ಲಿ ಲೋಟ ಇಟ್ಟೇಬಿಡುತ್ತಾರೆ. ಟೀಚರಮ್ಮ ಅರ್ಧ ಕಪ್ಪಿನವರೆಗೂ ಬರಲಿಲ್ಲ.

ಅತ್ತೆಗೆ ಹೇಳಿದೆ. "ಕೊಡೋ ಮನಸ್ಸಿದ್ದೋರು ಹಿಂಗ ಕೇಳ್ತಾರೇನು?" ಎಂದರು. "ಬಾಯಿಮಾತಿಗೆ ಅಂದಾಳ. ನೀ ಬ್ಯಾಡ ಅನ್ನೋದನ್ನ ಕಾಯಕತ್ತಿದ್ಲು. ಏನೋ ಐತಿ ಬಿಡು ಅಕಿ ಮನಸಿನ್ಯಾಗ."

ಅಂದಿನಿಂದ ನನಗೆ ಅವರು ಮಾಡಿದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡರೆ, ನನ್ನ ಮುಖ ನೋಡಲು ಇಷ್ಟವಿಲ್ಲ ಎಂದುಕೊಂಡೆ. ನಕ್ಕರೆ, ಏನು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಸಂಜೆ ಪಡಸಾಲೆಗೂ ಅಡಿಗೆಮನೆಗೂ ನಡುವಿನ ಬಾಗಿಲಲ್ಲಿ ಹಳೆಯ ಸೀರೆಯ ಪರದೆ ಇತ್ತು. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಆ ವಾರ ಅವರು ಹೇಳಿಕೊಟ್ಟದ್ದೆಲ್ಲ ಬರೀ ಬೇಡ, ಕೂಡದುಗಳೇ. ಮೊದಲು ಇಂಗ್ಲಿಷ್, ಹಿಂದೆಯೇ ಕನ್ನಡ. ಮಸ್ಟ್ ನಾಟ್ ಸ್ಪಿಟ್ ಹಿಯರ್, ಇಲ್ಲಿ ಉಗುಳಕೂಡದು. ಕ್ಯಾನ್ ನಾಟ್ ಸ್ವಿಮ್, ಈಜಲು ಬರುವುದಿಲ್ಲ. ನೀಡ್ ನಾಟ್ ರನ್, ಓಡಬೇಕಾಗಿಲ್ಲ, ಓಡಿದರೂ ತಪ್ಪಿಲ್ಲ. ವಿಲ್ ನಾಟ್ ಈಟ್, ತಿನ್ನುವುದಿಲ್ಲ, ಅಂದರೆ ಒಲ್ಲೆ. ಹುಡುಗರು ಒಟ್ಟಿಗೆ ಕೂಗುತ್ತಿದ್ದರು.

ನನಗೆ ಅದು ಕಿಲಾಡಿತನದ ಭಾಷೆ ಅನ್ನಿಸಿತು. ಬೇಡ ಎನ್ನಲು ಇಷ್ಟೊಂದು ದಾರಿ ಇಟ್ಟುಕೊಂಡವರು ಯಾವುದನ್ನು ಯಾವಾಗ ಹೇಳುತ್ತಾರೋ. ನಮ್ಮಲ್ಲೂ ಕೂಡದು, ಬಾರದು, ಬೇಕಾಗಿಲ್ಲ, ಒಲ್ಲೆ ಎಲ್ಲ ಇವೆ, ಇಲ್ಲವೆಂದಲ್ಲ. ಆದರೆ ಮನೆಗೆ ಬಂದವರ ಮುಂದೆ ನಾವು ಅವನ್ನೆಲ್ಲ ಬಳಸುತ್ತೇವೆಯೇ? ಒಂದು ಬ್ಯಾಡ್ರಿ ಸಾಕು. ಉಳಿದದ್ದನ್ನು ಎದುರಿನವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ.

ಆಗಲೇ ಟೀಚರಮ್ಮ ದನಿ ಎತ್ತರಿಸಿದರು: "ಯು ಶುಡ್ ನಾಟ್ ಸ್ಟ್ಯಾಂಡ್ ಬಿಹೈಂಡ್ ದ ಡೋರ್. ಬಾಗಿಲ ಹಿಂದೆ ನಿಲ್ಲಬಾರದು." ಹುಡುಗರು ಕೂಗಿದರು. ಅವರು ಅದನ್ನೇ ಮತ್ತೆ ಹೇಳಿಸಿದರು, ಮತ್ತೂ ಹೇಳಿಸಿದರು.

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಕದ್ದು ಕೇಳುತ್ತೀಯಾ ಎಂದು ನನಗೇ ಚುಚ್ಚುತ್ತಿದ್ದಾರೆ. "ನಿನಗ ಅಂತಾಳ" ಎಂದರು ಅತ್ತೆ, ಮೆಲ್ಲಗೆ. "ನಮ್ಮ ಮನ್ಯಾಗ ಕುಂತು ನಮಗ!" ತಿಂಗಳು ಮುಗಿದ ಕೂಡಲೇ ಕೋಣೆ ಬಿಡಿಸುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು. ನಿಮ್ಮವ್ವ ತುಟಿ ಕಚ್ಚಿಕೊಂಡು ನೀರಿನ ಕೊಡದ ಹತ್ತಿರ ಹೋಗಿ ಕೂತಳು.

ಮರುದಿನ ಅವರ ಸ್ಟೋವಿಗೆ ಸೀಮೆಎಣ್ಣೆ ಇರಲಿಲ್ಲ. ಮನಸ್ಸು ಕಹಿಯಾಗಿದ್ದರೂ ಹಸಿದವರನ್ನು ಹಾಗೇ ಬಿಡಲಾಗುತ್ತದೆಯೇ? ಊಟಕ್ಕೆ ಕರೆದೆ. ಒಂದೇ ಮಾತಿಗೆ ಬಂದು ಕೂತರು. ಅದೂ ನನಗೆ ವಿಚಿತ್ರವೇ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ಹಾಕಿದೆ. ಎರಡನೆಯ ರೊಟ್ಟಿಗೆ "ಬೇಡಮ್ಮ, ಸಾಕು" ಎಂದರು. ಹಾಕಿದೆ. ಕಷ್ಟಪಟ್ಟು ತಿಂದರು. ಇನ್ನೊಂದು ಒಯ್ದೆ. ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿದರು. ಕೈ ಸಂದಿಯಲ್ಲಿ ಅರ್ಧ ಮುರಿದು ತೂರಿಸಿದೆ.

"ಅಯ್ಯೋ, ನಾನು ಬೇಡ ಅಂದ್ರೆ ನಿಜವಾಗ್ಲೂ ಬೇಡ ಅಂತಾನೇ!"

"ಹಂಗಂದ್ರ ಹೆಂಗ ಗೊತ್ತಾಗ್ತೈತ್ರಿ? ನಾವೂ ಬ್ಯಾಡ ಅಂತೀವಿ. ಅಂದ್ರೇನು, ಬ್ಯಾಡೇನು?"

ಅಂದಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಟೀಚರಮ್ಮ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು.

"ಹಾಗಾದ್ರೆ ಅವತ್ತು ಮಗಳಿಗೆ ಪಾಠ ಬೇಡ ಅಂದ್ರಲ್ಲ?"

ನಾನು ಸೆರಗಿನ ತುದಿ ಹಿಡಿದುಕೊಂಡೆ.

"ನಿಮಗೆ ಹೆಣ್ಣುಮಗು ಓದೋದು ಇಷ್ಟ ಇಲ್ಲ ಅಂದ್ಕೊಂಡೆ. ತುಂಬಾ ಬೇಜಾರಾಯ್ತು. ದಿನಾ ಪರದೆ ಕೆಳಗೆ ಎರಡು ಪುಟ್ಟ ಪಾದ ಕಾಣ್ತಾವೆ. ಅವಳಾಗೇ ಈಚೆಗೆ ಬರಲಿ ಅಂತ ಬಾಗಿಲಿನ ವಾಕ್ಯ ಅಷ್ಟು ಸಲ ಹೇಳಿಸಿದೆ."

ಅತ್ತೆ ಒಲೆಯ ಕಡೆ ತಿರುಗಿ ಇಲ್ಲದ ಹೊಗೆಗೆ ಊದತೊಡಗಿದರು. ಹಾಗಾದರೆ ವಾಕ್ಯ ಬೇಕೆಂದೇ ಹೇಳಿದ್ದು ನಿಜ. ನಮ್ಮ ಅನುಮಾನ ಅಷ್ಟರಮಟ್ಟಿಗೆ ಸರಿಯೇ ಇತ್ತು.

"ಈಗ ನೇರವಾಗಿ ಹೇಳಿ. ಬೇಕಾ, ಬೇಡವಾ?"

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾವುದನ್ನೂ ಬೇಕು ಎಂದವಳಲ್ಲ ನಾನು. ನೆಲ ನೋಡುತ್ತ "ಬೇಕ್ರಿ" ಎಂದೆ. ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿಸಿದರು.

ಅಂದು ಸಂಜೆ ಹುಡುಗರೆಲ್ಲ ಬಂದು ಕೂತ ಮೇಲೆ ಪರದೆ ಸರಿಸಿ ನಿಮ್ಮವ್ವನಿಗೆ, "ಹೋಗು, ಕುಂದ್ರು" ಎಂದೆ.

ಅವಳಿಗೆ ನನ್ನ ಮೇಲೆ ಸಿಟ್ಟಿತ್ತು. ಎಲ್ಲರ ಮುಂದೆಯೇ, "ಐ ವಿಲ್ ನಾಟ್ ಗೋ" ಎಂದಳು. ಪರದೆಯ ಹಿಂದೆ ನಿಂತು ಕಲಿತ ಮಾತು.

ನನಗೆ ದಿಕ್ಕು ತೋಚಲಿಲ್ಲ. ಇದು ಟೀಚರಮ್ಮನ ಬೇಡವೋ, ನಮ್ಮ ಮನೆಯ ಬ್ಯಾಡವೋ? ನಿಜವಾಗಿ ಒಲ್ಲೆ ಎಂದಿದ್ದರೆ ಮುಗಿಯಿತು. ಟೀಚರಮ್ಮನ ಕಡೆ ನೋಡಿದೆ.

ಅವರು ನಗು ತಡೆದುಕೊಂಡು, "ಇನ್ನೊಂದ್ಸಲ ಕೇಳಿ ಅಮ್ಮ" ಎಂದರು.

ಕೇಳಿದೆ. "ಒಲ್ಲೆ" ಎಂದಳು, ಈ ಸಲ ಕನ್ನಡದಲ್ಲಿ, ದನಿ ಸ್ವಲ್ಪ ಇಳಿದಿತ್ತು. ಒಳಗಿನಿಂದ ಅತ್ತೆ, "ಇನ್ನೊಮ್ಮಿ ಕೇಳು, ಹೊಕ್ಕಾಳ" ಎಂದು ಕೂಗಿದರು.

ನಾನು ಕೇಳಲು ಬಾಯಿ ತೆರೆಯುವ ಮೊದಲೇ ನಿಮ್ಮವ್ವ ಚೀಲ ಎತ್ತಿಕೊಂಡು ಹೋಗಿ, ನನಗೆ ಬೆನ್ನು ಮಾಡಿ, ಮುಂದಿನ ಸಾಲಿನಲ್ಲಿ ಕೂತಳು.