ಎಡಗಡೆಯ ಕೆರೆ

ಚಳಿಗಾಲದಲ್ಲಿ ಎರಡು ಬೆರಳು ಹಿಮ ಬಿದ್ದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುವ ಟೆಕ್ಸಸ್‌ನಲ್ಲಿದ್ದುಕೊಂಡು ಹಿಮದ ಹುಚ್ಚು ಹಿಡಿಸಿಕೊಂಡವರು ನಾನು ಮತ್ತು ನನ್ನ ತಂಗಿ. ನಾನಿರುವುದು ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ, ಅವಳು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ. ನಡುವೆ ಮೂರು ಗಂಟೆಯ ಹೆದ್ದಾರಿ. ಅವಳು ಚಿಪ್ ಕಂಪನಿಯ ಇಂಜಿನಿಯರು, ಮದುವೆ ಬೇಡ ಅಂದು ಒಬ್ಬಳೇ ಇದ್ದವಳು. ನಾನು ಅವಳಿಗಿಂತ ಆರು ವರ್ಷ ದೊಡ್ಡವಳು, ಬಾಯಿ ಜೋರು. ಆ ಆರು ವರ್ಷದ ಹಿರಿತನವನ್ನು ಒಂದು ದಿನವೂ ಕೆಳಗಿಟ್ಟವಳಲ್ಲ. ನಾನು ಮಾಡಿದ ತಪ್ಪೂ ಅಲ್ಲಿಂದಲೇ ಹುಟ್ಟಿತು.

ಪ್ರತಿ ಚಳಿಗಾಲ ಇಬ್ಬರೂ ಸೇರಿ ಕೊಲರಾಡೊಗೆ ಡ್ರೈವ್ ಮಾಡುತ್ತಿದ್ದೆವು. ಹಿಮದಲ್ಲಿ ಜಾರಲು ನನ್ನದು ಕಾಲಿಗೊಂದು ಪಟ್ಟಿ, ಕೈಗೊಂದು ಕೋಲಿನ ಸ್ಕೀ, ಅವಳದು ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿಯುವ ಸ್ನೋಬೋರ್ಡ್. ಇಳಿಜಾರಿನಲ್ಲಿ ಅವಳ ಮುಂದೆ ನಾನು ಯಾತಕ್ಕೂ ಬಾರದವಳು. ಆದರೆ ಸಮತಟ್ಟಾದ ಜಾಗ ಬಂದರೆ ಸ್ನೋಬೋರ್ಡಿನವರು ನಿಂತೇಬಿಡುತ್ತಾರೆ, ನೂಕಿಕೊಳ್ಳಲು ಅವರ ಕೈಯಲ್ಲಿ ಕೋಲಿರುವುದಿಲ್ಲ. ಆಗ ನಾನು ನನ್ನ ಕೋಲನ್ನು ಹಿಂದಕ್ಕೆ ಚಾಚಬೇಕು, ಅವಳು ಅದರ ತುದಿ ಹಿಡಿಯಬೇಕು, ನಾನು ಎಳೆಯಬೇಕು. "ಹೈ ಬಸವ, ಎಳಿ!" ಎಂದು ಹಿಂದಿನಿಂದ ಕೂಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಎಳೆಯುತ್ತಿದ್ದೆ.

ಅವಳ ಕಣ್ಣಿನ ವಿಷಯ ಗೊತ್ತಾದದ್ದು ಅವಳಿಗೆ ಮೂವತ್ತೊಂಬತ್ತು ತುಂಬಿದಾಗ. ದೃಷ್ಟಿ ಅಂಚುಗಳಿಂದ ಒಳಗೊಳಗೆ ಕಿರಿದಾಗುತ್ತಾ ಬರುವ ಕಾಯಿಲೆ. ನೇರಕ್ಕೆ ಇರುವುದೆಲ್ಲ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ನಮ್ಮಮ್ಮ ಸೋದರಮಾವನನ್ನೇ ಮದುವೆಯಾದವಳು, ಇಂಥ ಮನೆಗಳಲ್ಲಿ ಇದು ಬರುವುದುಂಟು ಎಂದರು ಹ್ಯೂಸ್ಟನ್ನಿನ ಕಣ್ಣಿನ ಡಾಕ್ಟರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಅದು ನನ್ನನ್ನು ಬಿಟ್ಟು ಅವಳನ್ನು ಹಿಡಿಯಿತು. ಹಗಲು ಹೊತ್ತು ಕಾರು ಓಡಿಸಬಹುದು, ಕತ್ತಲಾದ ಮೇಲೆ ಬೇಡ, ವರ್ಷಕ್ಕೊಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ಆಮೇಲೆ ಅವಳು ಆಲ್ಪ್ಸ್ ಜಪ ಶುರು ಮಾಡಿದಳು. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಮೇಲಿನ ಇಳಿಜಾರು. ಯಂತ್ರ ಓಡಿಸಿ ಸಮ ಮಾಡಿ ಬಾವುಟ ನೆಟ್ಟ ದಾರಿಯಲ್ಲ, ಬಿದ್ದ ಹಿಮ ಬಿದ್ದ ಹಾಗೇ ಇರುವ ಬೆಟ್ಟದ ಮೈ. ಗೈಡ್ ಇಲ್ಲದೆ ಅಲ್ಲಿಗೆ ಯಾರೂ ಕಾಲಿಡುವುದಿಲ್ಲ. ಅದರ ವಿಡಿಯೋಗಳನ್ನು ಅವಳು ಎಷ್ಟು ಸಲ ನೋಡಿದಳೋ! ಮೂರನೆಯ ತಿರುವು ದಾಟಿದ ಕೂಡಲೇ ಎಡಗಡೆ, ಕಣಿವೆಯ ತಳದಲ್ಲಿ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಒಂದು ನೀಲಿ ಕೆರೆ ಕಾಣುತ್ತದೆ. ಅಲ್ಲಿನವರು ಅದನ್ನು ಏನೆಂದು ಕರೆಯುತ್ತಾರೋ, ಮೈಸೂರಿನವರಾದ ನಮಗೆ ನಿಂತ ನೀರೆಲ್ಲ ಕೆರೆಯೇ.

"ಅದೊಂದು ನೋಡ್ಬಿಟ್ರೆ ಸಾಕು ಕಣೇ ಅಕ್ಕ," ಎನ್ನುತ್ತಿದ್ದಳು. "ಆಮೇಲೆ ಈ ಕಣ್ಣು ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ತಯಾರಿ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿ ನಡೆಯಿತು. ಹಿಮ ಕುಸಿದು ಯಾರಾದರೂ ಹೂತುಹೋದರೆ ಹುಡುಕಲು ಎಲ್ಲರೂ ಎದೆಗೊಂದು ಪುಟ್ಟ ಯಂತ್ರ ಕಟ್ಟಿಕೊಂಡಿರುತ್ತಾರೆ, ಬೀಕನ್ ಅಂತ. ಒಬ್ಬರದ್ದು ಸದ್ದಿಲ್ಲದೆ ಸೂಚನೆ ಕಳಿಸುತ್ತದೆ, ಇನ್ನೊಬ್ಬರದ್ದು ಹಿಡಿಯುತ್ತದೆ. ಅವಳ ಬೀಕನ್ ಅನ್ನು ಪಾರ್ಕಿನ ಒಣ ಎಲೆಯ ರಾಶಿಯಲ್ಲಿ ಹೂತಿಟ್ಟು, ನನ್ನದನ್ನು ನೆಲಕ್ಕೆ ಹಿಡಿದು ಬಗ್ಗಿ ಬಗ್ಗಿ ಹುಡುಕುತ್ತಿದ್ದೆ. ವಾಕಿಂಗ್ ಬಂದಿದ್ದ ನಮ್ಮವರೇ ಆದ ಒಬ್ಬ ಆಂಟಿ ನಿಂತು, "ಏನಮ್ಮ ಕಳ್ಕೊಂಡ್ರಿ, ಓಲೆನಾ?" ಎಂದರು.

"ತಂಗೀನ ಹುಡುಕ್ತಿದೀನಿ ಆಂಟಿ."

"ಅಯ್ಯೋ, ಇಲ್ಲೇ ನಿಂತು ನಗ್ತಿದಾಳಲ್ಲ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನೆನಪಾದರೆ ಈಗ ನನಗೆ ಊಟ ಸೇರುವುದಿಲ್ಲ.

ಗೈಡ್‌ನವರು ಕಳಿಸಿದ ಅರ್ಜಿಯಲ್ಲಿ ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂಬ ಪ್ರಶ್ನೆ ಇತ್ತು. ಅವಳು ಇಲ್ಲವೆಂದು ಬರೆದಳು. "ಹೇಳಿದ್ರೆ ಕರ್ಕೊಂಡು ಹೋಗಲ್ಲ. ನೀನೂ ಬಾಯ್ಬಿಡಬಾರ್ದು," ಎಂದು ತನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡು ಆಣೆ ಮಾಡಿಸಿಕೊಂಡಳು.

ನಾಲ್ಕು ಚಳಿಗಾಲದ ಹಿಂದೆ ನಾವು ಆ ಹಳ್ಳಿಗೆ ಹೋದೆವು. ಸಂಜೆ ಅವಳು ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು, ಬೂಟು ಒಣಗಿಸುವ ಕೋಣೆಯಲ್ಲಿ ಹಗ್ಗ ಸುತ್ತುತ್ತಿದ್ದ ನಮ್ಮ ಗೈಡ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೊದಲೇ ತಿಳಿಸಬೇಕಿತ್ತು ಎಂದ. ನಾಳೆಯ ಇಳಿಜಾರಿನ ಎರಡೂ ಪಕ್ಕದಲ್ಲಿ ಬಂಡೆಗಳಿವೆ, ಪಕ್ಕ ಕಾಣದವರನ್ನು ಅಲ್ಲಿಗೆ ಒಯ್ಯಲಾರೆ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಅಗಲವಾದದ್ದು ಇದೆ, ಅಲ್ಲಿಗೆ ಹೋಗೋಣ ಎಂದ. "ಆದರೆ ಅವಳಿಗೆ ನೀವೇ ಹೇಳಬೇಕು. ಬೆಳಿಗ್ಗೆಯೊಳಗೆ," ಎಂದ. ಹೂಂ ಅಂದೆ.

ಹೇಳಲಿಲ್ಲ. ಬೆಳಿಗ್ಗೆ ಅವಳು ಬೂಟು ಬಿಗಿದುಕೊಳ್ಳುತ್ತಾ ಏನೋ ಗುನುಗುತ್ತಿದ್ದಳು. ಗೈಡ್‌ಗೆ ಹೇಳಿದ್ದು ತಪ್ಪಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ತಂಗಿಗೆ ಹೇಳದೇ ಇದ್ದದ್ದು ತಪ್ಪು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನಾನು ಒಂದೇ ಒಂದು ಮಾತು ನುಂಗಿಕೊಂಡು ಅವಳ ಸಂತೋಷ ಉಳಿಸಿದೆ ಎಂದುಕೊಂಡೆ.

ಕೇಬಲ್ ಕಾರು ಇಳಿದಾಗ ಬೆಟ್ಟದ ತುದಿಯಲ್ಲಿ ಮಂಜು ಕವಿದಿತ್ತು. ಗೈಡ್ ನಮ್ಮ ಬೀಕನ್ ಪರೀಕ್ಷಿಸಿ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೊರಟ. ಅವನ ಕಿತ್ತಳೆ ಬಣ್ಣದ ಬೆನ್ನನ್ನೇ ನೋಡುತ್ತಾ ಹಿಂಬಾಲಿಸಿದ ತಂಗಿಗೆ ಅದು ತಿಳಿಯಲಿಲ್ಲ. ಸ್ವಲ್ಪ ಕೆಳಗೆ ಮಂಜು ಹರಿಯಿತು. ಗೈಡ್ ಮೊದಲು ಇಳಿದು, ದೂರದಲ್ಲಿ ನಿಂತು ಕೋಲೆತ್ತಿದ ಮೇಲೆ ನಾವು ಒಬ್ಬೊಬ್ಬರಾಗಿ ಇಳಿಯಬೇಕು. ಅವಳು ಇಳಿದಳು. ಯಾರೂ ತುಳಿಯದ ಹಿಮದಲ್ಲಿ ಒಂದು, ಎರಡು, ಮೂರು ತಿರುವು. ಅಷ್ಟು ಚೆಂದವಾಗಿ ಇಳಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೂರನೆಯ ತಿರುವಿಗೆ ನಿಂತುಬಿಟ್ಟಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ತಲೆಯನ್ನು ಎಡಕ್ಕೆ ತಿರುಗಿಸಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿದ್ದಳು.

"ಅಕ್ಕ, ಕೆರೆ ಎಲ್ಲಿ?"

ಆಗಲಾದರೂ ಹೇಳಬಹುದಿತ್ತು. ಗೈಡ್ ದೂರದಲ್ಲಿದ್ದ, ಕನ್ನಡವಂತೂ ಅವನಿಗೆ ಬಾರದು, ನಮ್ಮಿಬ್ಬರನ್ನು ಬಿಟ್ಟು ಅಲ್ಲಿ ಯಾರೂ ಇರಲಿಲ್ಲ. ನಾನು ಕೈ ಚಾಚಿ, "ಅಗೋ, ಅಲ್ಲೇ ಕೆಳಗೆ. ಎಷ್ಟು ನೀಲಿಯಾಗಿದೆ ನೋಡೇ," ಎಂದೆ.

ಅವಳು ಬಹಳ ಹೊತ್ತು ನೋಡಿದಳು. "ಹೂಂ, ಕಾಣ್ತಿದೆ," ಎಂದಳು. ಆಮೇಲೆ ಇಬ್ಬರೂ ಇಳಿದು ತಳ ಮುಟ್ಟಿದೆವು. ಸಮತಟ್ಟಿನಲ್ಲಿ ಕೋಲು ಚಾಚಿದೆ. ಸುಮ್ಮನೆ ಹಿಡಿದುಕೊಂಡಳು, ಬಸವ ಅನ್ನಲಿಲ್ಲ. ದಣಿದಿದ್ದಾಳೆ ಎಂದುಕೊಂಡೆ.

ಊರಿಗೆ ಬಂದ ವಾರದಲ್ಲೇ ಅವಳು ಕಾರು ಮಾರಿದಳು. ಸ್ನೋಬೋರ್ಡನ್ನು ಯಾರೋ ಕಾಲೇಜು ಹುಡುಗಿಗೆ ಕೊಟ್ಟಳು. ಸೀಡರ್ ಪಾರ್ಕ್‌ನಲ್ಲಿ ಕಾರಿಲ್ಲ ಅಂದರೆ ಕಾಲಿಲ್ಲ ಅಂದ ಹಾಗೆ, ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಇನ್ನೊಬ್ಬರನ್ನು ಕೇಳಬೇಕು. ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಯಾವ ಕೆಲಸವೂ ಇಲ್ಲದೆ ಬೆಟ್ಟಗುಡ್ಡದ ದಾರಿಯಲ್ಲಿ ಸುತ್ತಿ ಬರುತ್ತಿದ್ದವಳು ಮನೆ ಹಿಡಿದು ಕೂತಳು. ಆಫೀಸಿನ ಕೆಲಸವೂ ಮನೆಯಿಂದಲೇ. ನಾನು ಫೋನಿನಲ್ಲಿ, "ಒಳ್ಳೇ ಕೆಲ್ಸ ಮಾಡ್ದೆ, ನನಗೂ ನೆಮ್ಮದಿ," ಎಂದೆ. ಹಾಗೆ ಅಂದ ಬಾಯಿಗೆ ಬೂದಿ ಬೀಳಲಿ.

ಆ ಬೇಸಿಗೆ ಪರೀಕ್ಷೆಗೆಂದು ಅವಳನ್ನು ಹ್ಯೂಸ್ಟನ್ನಿಗೆ ಕರೆದೊಯ್ದೆ. ಡಾಕ್ಟರು ಹೊಸ ವರದಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಹೋದ ವರ್ಷಕ್ಕೂ ಈ ವರ್ಷಕ್ಕೂ ಅಂಥ ವ್ಯತ್ಯಾಸವಿಲ್ಲ, ಹಗಲಲ್ಲಿ ಕಾರು ಯಾಕೆ ಬಿಟ್ಟಿರಿ ಎಂದು ಕೇಳಿದರು. ತಂಗಿ, "ನಿಮ್ಮ ಯಂತ್ರ ಏನೇ ಹೇಳಲಿ ಡಾಕ್ಟರ್. ಎಲ್ಲರಿಗೂ ಕಾಣುವ ಒಂದು ಕೆರೆ ಬೆಟ್ಟದ ಮೇಲೆ ನನಗೆ ಕಾಣಲಿಲ್ಲ. ರಸ್ತೆಯಲ್ಲಿ ಒಂದು ಮಗು ಕಾಣದಿದ್ದರೆ?" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಪಕ್ಕದ ಕುರ್ಚಿಯಲ್ಲಿ ಚೀಲದ ಜಿಪ್ಪು ಎಳೆದೆ, ಹಾಕಿದೆ. ಆಗ ಬಾಯಿ ಬಿಟ್ಟಿದ್ದರೆ ಅವಳಿಗೆ ಎರಡು ಮೂರು ವರ್ಷದ ಬೆಳಕು ವಾಪಸು ಸಿಗುತ್ತಿತ್ತು. ಬಿಡಲಿಲ್ಲ. ಅವಳು ನನ್ನನ್ನು ದೂರ ಮಾಡುತ್ತಾಳೆಂಬ ಭಯ. ಅದಕ್ಕಿಂತ ಕೀಳಾದ ಇನ್ನೊಂದು ಕಾರಣವೂ ಇತ್ತು. ಅವಳು ಮನೆಯಲ್ಲಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಕಳೆದ ವರ್ಷ ಕಾಯಿಲೆ ಇದ್ದಕ್ಕಿದ್ದಂತೆ ಓಡತೊಡಗಿತು. ನೇರಕ್ಕಿದ್ದದ್ದೂ ಮಸುಕಾಯಿತು. ಈ ಮಾರ್ಚಿನಲ್ಲಿ ಹ್ಯೂಸ್ಟನ್ನಿನ ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದು ಮೆಲ್ಲಗೆ ಹೇಳಿದರು. ವಾಪಸು ಬರುವ ದಾರಿಯಲ್ಲಿ ರಸ್ತೆಯಂಚಿನ ತುಂಬ ನೀಲಿ ಹೂವು ಬಿಟ್ಟಿತ್ತು. ನಾನು ಆ ಮಾತೆತ್ತಲಿಲ್ಲ. ಒಂದು ಬಂಕಿನಲ್ಲಿ ನಿಲ್ಲಿಸಿ, ಪೆಟ್ರೋಲ್ ಹಾಕಿ ಕಾರಿನೊಳಗೆ ಬಂದು ಕೂತಾಗ ಅವಳೇ ಬಾಯಿ ತೆರೆದಳು.

"ಅಕ್ಕ, ಆವತ್ತು ಕೆರೆ ಕಾಣ್ತಿದೆ ಅಂತ ನಿಂಗೆ ಸುಳ್ಳು ಹೇಳಿದ್ನಲ್ಲ, ಡಾಕ್ಟರ ಮುಂದೆ ನಿಂಗೂ ಗೊತ್ತಾಯ್ತು. ನೀನು ಅಷ್ಟು ಖುಷಿಯಿಂದ ತೋರಿಸ್ತಿದ್ದೆ, ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ. ಹೇಗಿತ್ತು ಹೇಳೇ. ನಿಧಾನವಾಗಿ ಹೇಳು, ನಾನು ನೋಡ್ಕೋತೀನಿ."

ಕಣ್ಣು ಮುಚ್ಚಿ ಕಾದು ಕೂತಳು. ವಿಡಿಯೋದಲ್ಲಿ ಕಂಡದ್ದನ್ನೇ ಬಣ್ಣ ಕಟ್ಟಿ ಹೇಳಿದ್ದರೆ ಅವಳು ಅದನ್ನಿಟ್ಟುಕೊಂಡು ಸಂತೋಷವಾಗಿ ಇರುತ್ತಿದ್ದಳೇನೋ. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಮೂರು ವರ್ಷ ಮನೆಯೊಳಗೆ ಕೂತವಳಿಗೆ ಅದೇ ಕೆರೆಯನ್ನು ಎರಡನೆಯ ಸಲ ಕೊಡಲು ನನ್ನಿಂದ ಆಗಲಿಲ್ಲ.

"ಅಲ್ಲಿ ಕೆರೆನೇ ಇರ್ಲಿಲ್ಲ ಕಣೇ," ಎಂದೆ. ಬೂಟಿನ ಕೋಣೆ, ಗೈಡ್, ಬಲಕ್ಕೆ ತಿರುಗಿದ್ದು, ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡಿದ್ದು, ಎಲ್ಲ ಹೇಳಿದೆ. ಅಳುತ್ತಾ ಹೇಳಿದೆ. ಅವಳು ಅಳಲಿಲ್ಲ.

ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ.

"ಹಾಗಾದ್ರೆ ಎಡಗಡೆ ಏನಿತ್ತು?" ಎಂದಳು.

"ಏನಿಲ್ಲ. ಒಂದು ದೊಡ್ಡ ಬಂಡೆ. ಅದರ ಕೆಳಗೆ ದನದ ಕೊಟ್ಟಿಗೆ, ಅರ್ಧ ಹಿಮದಲ್ಲಿ ಹೂತಿತ್ತು."

"ಕೊಟ್ಟಿಗೆಗೆ ಕೆಂಪು ಬಾಗಿಲು," ಎಂದಳು. "ಮೇಲಿನ ಹಲಗೆ ಒಂದು ಕಿತ್ತು ಹೋಗಿತ್ತು. ಎಲ್ಲಾ ಕಂಡಿತ್ತು ಅಕ್ಕ ನಂಗೆ. ಇಷ್ಟು ಕಾಣ್ತಿದೆ, ಕೆರೆ ಮಾತ್ರ ಯಾಕೆ ಕಾಣ್ತಿಲ್ಲ ಅಂತ ನಿಂತಿದ್ದೆ."

ಬಾಗಿಲಿನ ಬಣ್ಣ ನನಗೆ ನೆನಪಿರಲಿಲ್ಲ. ಹಲಗೆಯನ್ನು ನಾನು ನೋಡಿಯೇ ಇರಲಿಲ್ಲ.

ಅವಳು ಬೆಲ್ಟು ಹುಡುಕಿ ಹಾಕಿಕೊಂಡು, ಗಾಡಿ ತೆಗಿ ಎಂದಳು.